ಕಣಗಿಲೆ ನೆಟ್ಟ ರಸ್ತೆಯಲ್ಲಿ ಸಾಯುವ ಚಿಟ್ಟೆಗಳು

ಕಳೆದ ನವೆಂಬರಿನ ಒಂದು ಬೆಳಿಗ್ಗೆ ನಮ್ಮ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಚೆರ್ಕಳದ ಕಡೆಗೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಕಾರಡ್ಕದ ಕಾಡು ಬರುವಲ್ಲಿ ನನ್ನ ಮುಂದೆ ಒಂದು ಬಸ್ಸು. ಅದರ ಹಿಂದೆ ಒಣ ಎಲೆ ಹಾರಿದ ಹಾಗೆ ಏನೋ ಸುತ್ತಿ ಸುತ್ತಿ ಡಾಮರಿನ ಮೇಲೆ ಬೀಳುತ್ತಿತ್ತು. ಹತ್ತಿರ ಹೋದಾಗ ನೋಡಿದರೆ ಚಿಟ್ಟೆಗಳು. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಪಟ್ಟೆ ಇರುವವು ಕೆಲವು, ಕಂದು ಬಣ್ಣಕ್ಕೆ ಅಂಚಿನಲ್ಲಿ ಬಿಳಿ ಚುಕ್ಕೆ ಇರುವವು ಕೆಲವು. ಒಂದೆರಡು ಇನ್ನೂ ಕಾಲು ಆಡಿಸುತ್ತಿದ್ದವು. ಸ್ಕೂಟರ್ ನಿಲ್ಲಿಸಿ ಹೆಕ್ಕಿ ಬದಿಗೆ ಇಡುತ್ತಾ ಹೋದೆ, ಸ್ವಲ್ಪ ಹೊತ್ತಿಗೆ ಅಂಗೈ ತುಂಬಿತು.

ಸಂಜೆ ಅದೇ ದಾರಿಯಲ್ಲಿ ವಾಪಸು ಬರುವಾಗ ಬೇಕೆಂದೇ ನಿಂತು ನೋಡಿದೆ. ಏನೂ ಇರಲಿಲ್ಲ. ಇರುವೆ ಹೊತ್ತುಕೊಂಡು ಹೋದದ್ದು ಸ್ವಲ್ಪ, ಟಯರಿಗೆ ಅಂಟಿ ಹೋದದ್ದು ಸ್ವಲ್ಪ, ಗಾಳಿಗೆ ಹಾರಿದ್ದು ಉಳಿದದ್ದು. ರಸ್ತೆಯಲ್ಲಿ ಹಾವು ಸತ್ತರೆ ಎರಡು ದಿನ ಕಾಣುತ್ತದೆ, ನಾಯಿ ಸತ್ತರೆ ವಾಸನೆ ಬರುತ್ತದೆ. ಚಿಟ್ಟೆ ಸತ್ತದ್ದಕ್ಕೆ ಅರ್ಧ ದಿನದ ಗುರುತೂ ಇರುವುದಿಲ್ಲ. ಹಾಗಾಗಿಯೇ ನಮ್ಮಲ್ಲಿ ಇದು ಒಂದು ಸಮಸ್ಯೆ ಎಂದು ಯಾರಿಗೂ ಅನಿಸಿಲ್ಲ.

ನೀಲಿ ಪಟ್ಟೆಯದ್ದು ಬ್ಲೂ ಟೈಗರ್, ಅದರದ್ದೇ ಇನ್ನೊಂದು ಬಗೆ ಡಾರ್ಕ್ ಬ್ಲೂ ಟೈಗರ್. ಮಲಯಾಳದಲ್ಲಿ ನೀಲಕ್ಕಡುವ, ಕರಿನೀಲಕ್ಕಡುವ ಎನ್ನುತ್ತಾರೆ, ಕಡುವ ಎಂದರೆ ಹುಲಿ. ಕಂದು ಬಣ್ಣದ್ದು ಕಾಮನ್ ಕ್ರೋ. ಇದಕ್ಕೆ ಮಲಯಾಳದ ಹೆಸರು ಅರಳಿ ಶಲಭ. ನಾವು ಕನ್ನಡದವರು ಅರಳಿ ಎಂದಾಗ ಅಶ್ವತ್ಥ ಮರ ಎಂದುಕೊಳ್ಳುತ್ತೇವೆ, ಆದರೆ ಮಲಯಾಳದ ಅರಳಿ ಎಂದರೆ ನಮ್ಮ ಕಣಗಿಲೆ. ಈ ಚಿಟ್ಟೆ ಕಣಗಿಲೆ ಎಲೆಯಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳ ಆ ವಿಷದ ಎಲೆಯನ್ನೇ ತಿಂದು ಬೆಳೆಯುತ್ತದೆ. ಕಣಗಿಲೆಯ ವಿಷಯಕ್ಕೆ ಮತ್ತೆ ಬರುತ್ತೇನೆ, ಈ ಕಥೆಯಲ್ಲಿ ಅದಕ್ಕೆ ದೊಡ್ಡ ಪಾತ್ರ ಉಂಟು.

ಇವೆಲ್ಲ ವಲಸೆ ಹೋಗುವ ಚಿಟ್ಟೆಗಳು. ಮಳೆಗಾಲ ಶುರುವಾಗುವ ಮೊದಲು, ಏಪ್ರಿಲ್‌ನಿಂದ ಜೂನ್ ಒಳಗೆ, ಪಶ್ಚಿಮ ಘಟ್ಟದ ಜಡಿಮಳೆ ತಪ್ಪಿಸಿಕೊಂಡು ಪೂರ್ವದ ಬಯಲಿಗೆ, ಪೂರ್ವ ಘಟ್ಟದ ಕಡೆಗೆ ಹೋಗುತ್ತವೆ. ಮಳೆ ಬಿಟ್ಟ ಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಮತ್ತೆ ಪಶ್ಚಿಮಕ್ಕೆ. ಮುನ್ನೂರು, ನಾಲ್ಕುನೂರು ಕಿಲೋಮೀಟರ್ ದಾರಿ. ಹೋದದ್ದೇ ಚಿಟ್ಟೆ ತಿರುಗಿ ಬರುವುದಲ್ಲ, ಹೆಚ್ಚಾಗಿ ಬರುವುದು ಅಲ್ಲಿ ಹುಟ್ಟಿದ ಮುಂದಿನ ತಲೆಮಾರು. ದಾರಿ ತೋರಿಸುವ ಹಿರಿಯರು ಯಾರೂ ಜೊತೆಗಿಲ್ಲದೆ ಅವು ನಮ್ಮ ಗುಡ್ಡೆಗಳಿಗೆ ಬಂದು ಮುಟ್ಟುತ್ತವೆ ಎಂಬುದು ನನಗೆ ಈಗಲೂ ಆಶ್ಚರ್ಯವೇ.

ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಮತ್ತು ಅವರ ಜೊತೆಯವರು ದಕ್ಷಿಣ ಭಾರತದ ಈ ವಲಸೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಒಂದು ವಿಷಯ ನಮ್ಮ ರಸ್ತೆಗಳಿಗೆ ನೇರ ಸಂಬಂಧಪಟ್ಟದ್ದು. ವಲಸೆಯ ದಾರಿಯಲ್ಲಿರುವ ಹೆಣ್ಣು ಚಿಟ್ಟೆಯ ಹೊಟ್ಟೆಯಲ್ಲಿ ಬಲಿತ ಮೊಟ್ಟೆ ಇರುವುದಿಲ್ಲ. ಹಾರಾಟಕ್ಕೆ ಬೇಕಾದ ಶಕ್ತಿಯನ್ನು ಉಳಿಸಿಕೊಳ್ಳಲು ಅದು ಮೊಟ್ಟೆಯ ಕೆಲಸವನ್ನು ಮುಂದಕ್ಕೆ ಹಾಕಿರುತ್ತದೆ. ತೋಟದಲ್ಲೇ ಇರುವ ಚಿಟ್ಟೆಯೊಂದು ಕಾರಿಗೆ ಬಡಿದು ಸತ್ತರೆ, ಅಷ್ಟರೊಳಗೆ ಅದು ಕೆಲವು ಮೊಟ್ಟೆಯಾದರೂ ಇಟ್ಟಿರಬಹುದು. ವಲಸೆಯಲ್ಲಿರುವುದು ಸತ್ತರೆ ಒಂದೂ ಇಟ್ಟಿರುವುದಿಲ್ಲ. ಲೆಕ್ಕದಲ್ಲಿ ಎರಡೂ ಒಂದೊಂದೇ ಚಿಟ್ಟೆ, ನಷ್ಟ ಮಾತ್ರ ಬೇರೆ ಬೇರೆ.

ಇನ್ನು, ಇಷ್ಟು ಚಂದ ಹಾರುವ ಜೀವ ವಾಹನ ತಪ್ಪಿಸಿಕೊಳ್ಳುವುದಿಲ್ಲ ಯಾಕೆ?

ಈ ಗುಂಪಿನ ಚಿಟ್ಟೆಗಳು ವೇಗವಾಗಿ ಹಾರುವುದೇ ಇಲ್ಲ. ಹಾಗೆ ಹಾರುವ ಅಗತ್ಯವೇ ಅವಕ್ಕೆ ಬರಲಿಲ್ಲ. ಗಿಡಗಳಿಂದ ಸಿಕ್ಕಿದ ವಿಷ ಮೈಯಲ್ಲೇ ಉಳಿದಿರುತ್ತದೆ, ಒಮ್ಮೆ ಕಚ್ಚಿದ ಹಕ್ಕಿ ಉಗುಳಿಬಿಡುತ್ತದೆ, ಮತ್ತೆ ಆ ಬಣ್ಣದ ಸುದ್ದಿಗೆ ಬರುವುದಿಲ್ಲ. ಹಾಗಾಗಿ ಇವುಗಳ ಹಾರಾಟ ನಿಧಾನ, ತೇಲಿದ ಹಾಗೆ, ಎಲ್ಲರಿಗೂ ಕಾಣುವ ಹಾಗೆ. ಮೈಯೂ ಗಟ್ಟಿ, ಕೊಕ್ಕಿನ ಒಂದು ಪೆಟ್ಟು ತಿಂದರೂ ಬದುಕಿ ಹಾರಿ ಹೋಗುವಷ್ಟು. ಲಕ್ಷಾಂತರ ವರ್ಷ ಹಕ್ಕಿಗಳಿಂದ ಕಾಪಾಡಿದ ಆ ನಿಧಾನವೇ ಇವತ್ತು ಲಾರಿಯ ಮುಂದೆ ಅವುಗಳ ಜೀವ ತೆಗೆಯುತ್ತಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಚಿಟ್ಟೆ ಸೆಕೆಂಡಿಗೆ ಮೂರು ಮೀಟರ್ ಹಾರುತ್ತದೆ ಎಂದು ಹಿಡಿಯೋಣ. ಕೇರಳದಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ತೆಗೆದುಕೊಂಡ ಜಾಗದ ಅಗಲ 45 ಮೀಟರ್. ದಾಟಲು 15 ಸೆಕೆಂಡ್ ಬೇಕು. 2023ರ ಜುಲೈಯಿಂದ ಇಲ್ಲಿ ಆರು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 110 ಕಿಲೋಮೀಟರ್ ತನಕ ಅನುಮತಿ ಉಂಟು. ಆ ವೇಗದಲ್ಲಿ 15 ಸೆಕೆಂಡಿಗೆ ಕಾರು ಸುಮಾರು 450 ಮೀಟರ್ ಬಂದಿರುತ್ತದೆ. ಅಂದರೆ ಚಿಟ್ಟೆ ದಾಟಲು ಹೊರಟಾಗ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿದ್ದ ಕಾರು ಅದನ್ನು ರಸ್ತೆಯಲ್ಲೇ ಹಿಡಿಯುತ್ತದೆ. ನಿಧಾನವಾಗಿ ಬರುವ ವಾಹನವಾದರೆ ಅದು ತಳ್ಳುವ ಗಾಳಿಯೇ ಚಿಟ್ಟೆಯನ್ನು ಮೇಲಕ್ಕೆ ಎತ್ತಿ ಗಾಜಿನ ಮೇಲಿಂದ ದಾಟಿಸುತ್ತದೆ, ನೀವೂ ನೋಡಿರುತ್ತೀರಿ. ವೇಗ ಜಾಸ್ತಿಯಾದಾಗ ಅದಕ್ಕೆ ಸಮಯ ಸಿಗುವುದಿಲ್ಲ, ನೇರ ಬಡಿತ.

ನಮ್ಮ ಜಿಲ್ಲೆಯ ನಕ್ಷೆ ಒಮ್ಮೆ ನೋಡಿ. ತಲಪಾಡಿಯಿಂದ ಕುಂಬಳೆ, ಚೆಂಗಳ, ನೀಲೇಶ್ವರ ಆಗಿ ಹೋಗುವ ಹೆದ್ದಾರಿ ಉತ್ತರ ದಕ್ಷಿಣ. ರೈಲು ಹಳಿ ಉತ್ತರ ದಕ್ಷಿಣ. ಮಂಜೇಶ್ವರದ ಒಳಗಿನ ನಂದಾರಪದವಿನಿಂದ ಹೊರಟು ತಿರುವನಂತಪುರದ ಪಾರಶಾಲೆಯವರೆಗೆ ಹೋಗುವ ಮಲೆನಾಡು ಹೆದ್ದಾರಿಯೂ ಉತ್ತರ ದಕ್ಷಿಣವೇ. ಚಿಟ್ಟೆಯ ದಾರಿ ಪೂರ್ವ ಪಶ್ಚಿಮ. ಘಟ್ಟದಿಂದ ಇಳಿದು ಸಮುದ್ರದ ಬದಿಯ ಪದವುಗಳಿಗೆ, ಅಂದರೆ ಕೆಂಪುಕಲ್ಲಿನ ಬಯಲು ಗುಡ್ಡೆಗಳಿಗೆ, ಬರುವ ಚಿಟ್ಟೆ ಇವೆಲ್ಲವನ್ನೂ ಒಂದೊಂದಾಗಿ ದಾಟಲೇಬೇಕು, ಮಧ್ಯೆ ಸಿಗುವ ಊರ ರಸ್ತೆಗಳನ್ನೂ ಸೇರಿಸಿ. ಚೆರ್ಕಳ ಜಾಲ್ಸೂರು ರಸ್ತೆಯ ಕಥೆ ಬೇರೆ. ಅದು ಚಿಟ್ಟೆ ಹೋಗುವ ದಿಕ್ಕಿನಲ್ಲೇ ಹೋಗುತ್ತದೆ. ಕಾಡಿನ ಮಧ್ಯೆ ಮರ ಇಲ್ಲದ, ಬಿಸಿಲು ಬೀಳುವ ಉದ್ದದ ಓಣಿ ಅದು. ಬೆಳಿಗ್ಗೆ ಮೈ ಕಾಯಿಸಿಕೊಂಡ ಮೇಲೆಯೇ ಚಿಟ್ಟೆಗೆ ಹಾರಲು ಆಗುವುದು, ಮತ್ತೆ ಮೈ ಕಾಯಿಸಲು ಡಾಮರಿಗಿಂತ ಒಳ್ಳೆಯ ಜಾಗ ಕಾಡಿನಲ್ಲಿ ಎಲ್ಲಿದೆ? ನಾನು ನೋಡಿದ ಚಿಟ್ಟೆಗಳು ರಸ್ತೆಯನ್ನು ದಾಟುತ್ತಿರಲಿಲ್ಲ. ರಸ್ತೆಯಲ್ಲೇ, ಬಸ್ಸಿನ ಎತ್ತರದಲ್ಲೇ, ಉದ್ದಕ್ಕೆ ಬರುತ್ತಿದ್ದವು.

ರಸ್ತೆಯ ಎತ್ತರದ ವಿಷಯವನ್ನೂ ಇಲ್ಲೇ ಹೇಳಬೇಕು. ಹೊಸ ಹೆದ್ದಾರಿ ಕೆಲವು ಕಡೆ ಗುಡ್ಡೆ ಕಡಿದು ತಗ್ಗಿನಲ್ಲಿ ಹೋಗುತ್ತದೆ, ಕೆಲವು ಕಡೆ ಮಣ್ಣು ತುಂಬಿಸಿ ಗೋಡೆ ಕಟ್ಟಿದ ಮೇಲಿನಿಂದ ಹೋಗುತ್ತದೆ. ತಗ್ಗಿನಲ್ಲಿ ಹೋಗುವಲ್ಲಿ ಚಿಟ್ಟೆ ಗುಡ್ಡೆಯ ಮಟ್ಟದಲ್ಲೇ ಬಂದು ವಾಹನಗಳ ಮೇಲಿಂದ ದಾಟಿಹೋಗಬಹುದು. ಎತ್ತರಿಸಿದಲ್ಲಿ ಅದು ಬೈಲಿನಿಂದ ಗೋಡೆಯ ಉದ್ದಕ್ಕೆ ಹತ್ತಿ ಬರಬೇಕು. ಹತ್ತಿ ತಲೆ ಎತ್ತುವುದು ಸರಿಯಾಗಿ ಕಾರಿನ ಗಾಜಿನ ಮಟ್ಟಕ್ಕೆ. ಹಾಗಾಗಿ ಒಂದೇ ಹೆದ್ದಾರಿಯಲ್ಲಿ ಎಲ್ಲ ಕಡೆ ಅಪಾಯ ಒಂದೇ ಸಮ ಇರುವುದಿಲ್ಲ. ಬೈಲಿನ ಬದಿ, ಹೊಳೆಯ ಬದಿ, ಸೇತುವೆಗಳು, ಇವು ಮೊದಲು ನೋಡಬೇಕಾದ ಜಾಗ.

ಬೇರೆ ಊರುಗಳಲ್ಲಿ ಎಣಿಸಿದ್ದಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ವಲಸೆಯ ಹೊತ್ತಿನಲ್ಲಿ ಒಂದು ವಾರಕ್ಕೆ ಐದು ಲಕ್ಷಕ್ಕೂ ಜಾಸ್ತಿ ಮೊನಾರ್ಕ್ ಚಿಟ್ಟೆಗಳು ರಸ್ತೆಯಲ್ಲಿ ಸಾಯುತ್ತವೆ ಎಂದು 2001ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ಇದು ಕೆಲವೇ ಕಡೆ ಎಣಿಸಿ ಇಡೀ ರಾಜ್ಯದ ರಸ್ತೆಗೆ ಗುಣಿಸಿದ ಲೆಕ್ಕ, ಹಾಗಾಗಿ ಸ್ವಲ್ಪ ಜಾಗ್ರತೆಯಿಂದ ಓದಬೇಕು. ಈಶಾನ್ಯ ಮೆಕ್ಸಿಕೋದಲ್ಲಿ 2018ರ ವಲಸೆಯಲ್ಲಿ ಎರಡೇ ಎರಡು ಜಾಗಗಳಲ್ಲಿ ಸುಮಾರು ಎರಡು ಲಕ್ಷ ಮೊನಾರ್ಕ್ ಸತ್ತವು ಎಂದು ಅಂದಾಜು ಮಾಡಿದರು. ನನಗೆ ಇಲ್ಲಿ ಮುಖ್ಯ ಅನಿಸಿದ್ದು ಎರಡು ಲಕ್ಷ ಅಲ್ಲ, ಎರಡೇ ಜಾಗ ಎಂಬುದು. ನಮಗೆ ಹತ್ತಿರದ ಉದಾಹರಣೆಯೂ ಉಂಟು. ಕೊಯಮತ್ತೂರಿನ ಪಕ್ಕದ ಆನೈಕಟ್ಟಿ ಗುಡ್ಡಗಳಲ್ಲಿ, ನಮ್ಮದೇ ಪಶ್ಚಿಮ ಘಟ್ಟದಲ್ಲಿ, ವಲಸೆ ಚಿಟ್ಟೆಗಳು ವಾಹನಕ್ಕೆ ಬಡಿದು ಸಾಯುವುದನ್ನು ದಾಖಲಿಸಿ 2015ರಲ್ಲಿ ಪ್ರಕಟಿಸಿದ್ದಾರೆ.

ಇದಕ್ಕೆ ಎದುರಾದ ಮಾತನ್ನೂ ಹೇಳದಿದ್ದರೆ ಸರಿಯಲ್ಲ. ಇಂಗ್ಲೆಂಡಿನಲ್ಲಿ 1992ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅತ್ತಿತ್ತ ಓಡಾಡುವ ಜಾತಿಯ ಚಿಟ್ಟೆಗಳಲ್ಲಿ ವಾಹನದಿಂದ ಸಾಯುವುದು ನೂರರಲ್ಲಿ ಒಂದೆರಡು ಮಾತ್ರ, ಒಂದೇ ಜಾಗದಲ್ಲಿ ಉಳಿಯುವ ಜಾತಿಗಳಲ್ಲಿ ಏಳರಷ್ಟು, ರಸ್ತೆ ಬದಿಯ ಹುಲ್ಲು ಹೂವಿನಿಂದ ಆಗುವ ಲಾಭವೇ ದೊಡ್ಡದು ಎಂದು ಹೇಳಿತು. ಪೋಲೆಂಡಿನಲ್ಲಿ ನೋಡಿದಾಗಲೂ, ರಸ್ತೆಯ ಬದಿಯಲ್ಲಿ ಬಗೆಬಗೆಯ ಗಿಡ ಇದ್ದಲ್ಲಿ ಸಾವು ಕಡಿಮೆ, ಮತ್ತೆ ಮತ್ತೆ ಹುಲ್ಲು ಕತ್ತರಿಸಿದಲ್ಲಿ ಜಾಸ್ತಿ ಎಂದು ಕಂಡಿತು. ಬೇಕಾದ್ದೆಲ್ಲ ಒಂದೇ ಬದಿಯಲ್ಲಿ ಸಿಕ್ಕಿದರೆ ಚಿಟ್ಟೆ ಯಾಕೆ ಆಚೆ ಹೋಗುತ್ತದೆ, ಅಲ್ವಾ?

ಇದನ್ನು ಹಿಡಿದುಕೊಂಡು ರಸ್ತೆಯಿಂದ ಏನೂ ತೊಂದರೆ ಇಲ್ಲ ಎನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲೇ ಹುಟ್ಟಿ ಅಲ್ಲೇ ಇರುವ ಚಿಟ್ಟೆಗೆ ಈ ಮಾತು ಸರಿ. ವಲಸೆ ಹೋಗುವ ಚಿಟ್ಟೆಗೆ ಬದಿಯಲ್ಲಿ ಎಷ್ಟು ಹೂ ಇದ್ದರೂ ದಾಟಲೇಬೇಕು, ಅದೂ ವರ್ಷದ ಕೆಲವೇ ದಿನಗಳಲ್ಲಿ, ಸಾವಿರಗಟ್ಟಲೆ ಒಟ್ಟಿಗೆ. ಇಡೀ ವರ್ಷದ ಸರಾಸರಿ ತೆಗೆದರೆ ಆ ಕೆಲವು ದಿನ ಮುಳುಗಿ ಹೋಗುತ್ತವೆ. ಆದರೆ ಆ ಅಧ್ಯಯನಗಳಿಂದ ನಾವು ಕಲಿಯಲೇಬೇಕಾದ ವಿಷಯ ಒಂದು ಉಂಟು. ಗಿಡ ನೆಡುವುದು ಒಳ್ಳೆಯದೋ ಕೆಟ್ಟದೋ ಎಂಬುದು ಗಿಡ ಎಲ್ಲಿ ಇದೆ ಎಂಬುದರ ಮೇಲೆ ನಿಂತಿದೆ.

ಈಗ ಕಣಗಿಲೆ. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಕಣಗಿಲೆ ನೆಡುವುದು ನಮ್ಮ ದೇಶದಲ್ಲೆಲ್ಲ ರೂಢಿ. ದನ ಆಡು ಮುಟ್ಟುವುದಿಲ್ಲ, ನೀರು ಕಡಿಮೆ ಸಾಕು, ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆಯದಂತೆ ತಡೆಯುತ್ತದೆ, ಹೂವೂ ಚಂದ. ನೆಟ್ಟವರ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಅರಳಿ ಶಲಭದ ಕಡೆಯಿಂದ ಯೋಚಿಸಿ. ತಾಯಿ ಚಿಟ್ಟೆಗೆ ಮೊಟ್ಟೆ ಇಡಲು ಬೇಕಾದ ಗಿಡ ಎರಡೂ ಬದಿಯ ವಾಹನಗಳ ಮಧ್ಯೆ ಸಾಲಾಗಿ ನಿಂತಿದೆ. ಅಲ್ಲಿಗೆ ಹೋಗಲು ಮೂರು ಪಥ ದಾಟಬೇಕು, ಬರಲು ಮೂರು ಪಥ ದಾಟಬೇಕು. ಅಲ್ಲೇ ಹುಟ್ಟಿದ ಮರಿ ರೆಕ್ಕೆ ಒಣಗಿಸಿಕೊಂಡು ಮೊದಲ ಸಲ ಹಾರುವುದೇ ವಾಹನದ ದಾರಿಗೆ. ಬದಿಯ ಗಿಡ ಚಿಟ್ಟೆಯನ್ನು ಈಚೆಯೇ ಉಳಿಸುತ್ತದೆ, ನಡುವಿನ ಗಿಡ ಅದನ್ನು ರಸ್ತೆಯೊಳಗೆ ಕರೆಯುತ್ತದೆ. ಪೋಲೆಂಡಿನ ಲೆಕ್ಕಕ್ಕೂ ನಮ್ಮ ಹೆದ್ದಾರಿಗೂ ಇರುವ ವ್ಯತ್ಯಾಸ ಇಷ್ಟೇ.

ಹಾಗಾದರೆ ಬದಲಿಗೆ ಏನು ನೆಡಬಹುದು? ಚಿಟ್ಟೆಗೆ ಮೊಟ್ಟೆ ಇಡಲೂ ಬೇಡದ, ಮಕರಂದಕ್ಕೂ ಬೇಡದ, ಬರೀ ಎಲೆಯ ಪೊದೆ ಯಾವುದಾದರೂ ಸಾಕು. ನರ್ಸರಿಯವರಿಗೆ ಇದು ಕಷ್ಟದ ಕೆಲಸ ಅಲ್ಲ.

ಇನ್ನೊಂದು ಗಿಡ, ಮಲಯಾಳದವರ ಕಿಲುಕ್ಕಿ. ಹಳದಿ ಹೂ ಬಿಡುವ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದಾಗುವ ಗಿಡ, ಸಣ್ಣವರಿದ್ದಾಗ ನಾವೆಲ್ಲ ಆಡಿದ್ದೇ. ವಲಸೆ ಬಂದ ಗಂಡು ಚಿಟ್ಟೆಗಳು ಇದರ ಒಣಗಿದ ಎಲೆ, ಕಾಯಿಯನ್ನು ಕೆರೆದು ರಸ ಹೀರುತ್ತವೆ. ಹೆಣ್ಣನ್ನು ಸೆಳೆಯುವ ಪರಿಮಳ ತಯಾರಿಸಲು ಅವಕ್ಕೆ ಆ ರಸ ಬೇಕು. ಒಂದು ಗಿಡದಲ್ಲಿ ಹತ್ತಿಪ್ಪತ್ತು ಚಿಟ್ಟೆ ಜೋತುಬಿದ್ದು, ಗಿಡವೇ ಕಾಣದ ಹಾಗೆ ಆಗುವುದುಂಟು. ನಮ್ಮಲ್ಲಿ ಕಮ್ಯುನಿಸ್ಟ್ ಗಿಡ ಎನ್ನುವ ಕಳೆಯ ಹೂವಿಗೂ ಇದೇ ಕಾರಣಕ್ಕೆ ಮುತ್ತುತ್ತವೆ, ಅದು ಹೂ ಬಿಡುವುದೂ ವಲಸೆಯ ಚಿಟ್ಟೆ ಇಲ್ಲಿಗೆ ಬರುವ ಕಾಲದಲ್ಲೇ, ಬೆಳೆಯುವುದೂ ಜಾಸ್ತಿ ರಸ್ತೆ ಅಗೆದು ಮಣ್ಣು ಹಾಕಿದಲ್ಲೇ. ಈಚೆಗೆ ಶಾಲೆಗಳಲ್ಲಿ, ಮನೆಗಳಲ್ಲಿ ಚಿಟ್ಟೆಗಾಗಿ ಕಿಲುಕ್ಕಿ ನೆಡುವುದು ಶುರುವಾಗಿದೆ, ನಿಜವಾಗಿಯೂ ಒಳ್ಳೆಯ ಕೆಲಸ. ಆದರೆ ಗೇಟಿನ ಬದಿ, ರಸ್ತೆಗೆ ತಾಗಿ ನೆಡಬೇಡಿ. ಅಂಗಳದ ಹಿಂದೆ, ತೋಟದ ಬಿಸಿಲು ಬೀಳುವ ಅಂಚಿನಲ್ಲಿ, ಗುಡ್ಡೆಯ ಮೇಲೆ ನೆಡಿ. ಇಪ್ಪತ್ತು ಮೂವತ್ತು ಮೀಟರ್ ಒಳಗೆ ಇದ್ದರೂ ಸಾಕು, ಚಿಟ್ಟೆ ಹುಡುಕಿಕೊಂಡು ಬರುತ್ತದೆ.

ರಸ್ತೆಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮುಳಿಹುಲ್ಲಿನ ಪದವುಗಳನ್ನು ಕೆಂಪುಕಲ್ಲಿಗಾಗಿ, ಸೈಟಿಗಾಗಿ ಅಗೆಯುವುದು, ಕಾಡು ಹೋಗಿ ರಬ್ಬರ್ ಬಂದದ್ದು, ಕಳೆನಾಶಕ ಹೊಡೆಯುವುದು, ಇವುಗಳ ನಷ್ಟ ಇನ್ನೂ ದೊಡ್ಡದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಕಂಡ ಊರು ನಮ್ಮದು, 2000ದಲ್ಲಿ ಅದು ನಿಂತಿತು. ವಿಷ ಮೊದಲು ಹುಳಹಪ್ಪಟೆಗೆ, ಮತ್ತೆ ಮನುಷ್ಯರಿಗೆ ಎಂದು ಪಡ್ರೆ, ಪೆರ್ಲದ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹೋದ ಪದವುಗಳನ್ನು ವಾಪಸು ತರುವುದು ಕಷ್ಟ. ರಸ್ತೆಯ ಸಾವನ್ನು ಕಡಿಮೆ ಮಾಡುವುದು ಅಷ್ಟು ಕಷ್ಟ ಅಲ್ಲ. ಅದಕ್ಕೇ ಇದರ ಬಗ್ಗೆ ಬರೆಯುತ್ತಿದ್ದೇನೆ.

ಕಷ್ಟ ಅಲ್ಲ ಎನ್ನಲು ಕಾರಣ ತೈವಾನ್. ಅಲ್ಲಿ ಚಳಿಗಾಲ ಕಳೆಯಲು ದಕ್ಷಿಣದ ಕಣಿವೆಗಳಿಗೆ ಹೋದ ಕ್ರೋ ಚಿಟ್ಟೆಗಳು ವಸಂತದಲ್ಲಿ ಉತ್ತರಕ್ಕೆ ಬರುತ್ತವೆ. ಯುನ್‌ಲಿನ್ ಜಿಲ್ಲೆಯ ಲಿನ್ನೇ ಎಂಬಲ್ಲಿ ಅವುಗಳ ದಾರಿಗೆ ಅಡ್ಡವಾಗಿ ಎತ್ತರದ ಹೆದ್ದಾರಿ ಸೇತುವೆ ಬಂತು. 2007ರಲ್ಲಿ ಸರ್ಕಾರ ಅಲ್ಲಿ ಸುಮಾರು 600 ಮೀಟರ್ ಉದ್ದಕ್ಕೆ ಒಂದು ಪಥವನ್ನು ವಲಸೆಯ ಹೊತ್ತಿಗೆ ಮುಚ್ಚಿತು. ಬದಿಗೆ ಎತ್ತರದ ಬಲೆ ಕಟ್ಟಿತು. ಬಲೆ ಹಿಡಿಯಲಿಕ್ಕಲ್ಲ, ಚಿಟ್ಟೆ ಅದರ ಮೇಲೆ ಹತ್ತಿ ವಾಹನಕ್ಕಿಂತ ಎತ್ತರದಲ್ಲಿ ದಾಟಲಿ ಎಂದು. ಸೇತುವೆಯ ಅಡಿಯಿಂದ ಹೋಗುವಂತೆ ಮಾಡಲು ನೇರಳಾತೀತ ದೀಪವನ್ನೂ ಇಟ್ಟರು. ಇಡೀ ಹೆದ್ದಾರಿ ಮುಚ್ಚಲಿಲ್ಲ, ಇಡೀ ತಿಂಗಳೂ ಮುಚ್ಚಲಿಲ್ಲ. ಅಲ್ಲಿ ದಾಟುವ ಚಿಟ್ಟೆಗಳಲ್ಲಿ ಒಂದು ಜಾತಿ ಡಬಲ್ ಬ್ರ್ಯಾಂಡೆಡ್ ಕ್ರೋ. ನಮ್ಮ ಘಟ್ಟದಲ್ಲಿ ವಲಸೆ ಹೋಗುವ ಗುಂಪಿನಲ್ಲಿಯೂ ಅದೇ ಜಾತಿ ಉಂಟು. ಮೆಕ್ಸಿಕೋದಲ್ಲಿ ಇನ್ನೂ ಸರಳ, ಮೊನಾರ್ಕ್ ಬರುವ ದಿನಗಳಲ್ಲಿ ಹೆದ್ದಾರಿಯ ಕೆಲವು ಭಾಗದಲ್ಲಿ ಗಂಟೆಗೆ 60 ಕಿಲೋಮೀಟರ್‌ಗೆ ವೇಗ ಇಳಿಸುತ್ತಾರೆ.

ಕೇರಳಕ್ಕೂ ಚಿಟ್ಟೆಯ ಕಾಳಜಿ ಇಲ್ಲ ಎನ್ನಲು ಆಗದು. 2018ರಲ್ಲಿ ಬುದ್ಧ ಮಯೂರಿಯನ್ನು ರಾಜ್ಯದ ಚಿಟ್ಟೆ ಎಂದು ಆರಿಸಿತು. ಕಣ್ಣೂರಿನ ಆರಳಂ ಅಭಯಾರಣ್ಯಕ್ಕೆ 2025ರಲ್ಲಿ ಚಿಟ್ಟೆಗಳ ಅಭಯಾರಣ್ಯ ಎಂದೇ ಹೆಸರಾಯಿತು, ಅಲ್ಲಿ ಚಳಿಗಾಲದಲ್ಲಿ ಆಲ್ಬಟ್ರಾಸ್ ಎಂಬ ಬಿಳಿ ಚಿಟ್ಟೆಗಳು ಹೊಳೆಯ ಉದ್ದಕ್ಕೂ ಸಾವಿರಗಟ್ಟಲೆ ಹೋಗುವುದನ್ನು ಎಣಿಸುತ್ತಾರೆ. ನಮ್ಮ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿ ಎಂದು ಆರಿಸಿಕೊಂಡ ಜಿಲ್ಲೆ. ಆದರೆ ಅಭಯಾರಣ್ಯದ ಗಡಿಯ ಒಳಗೆ ಚಿಟ್ಟೆ ಇರುವುದು ಸ್ವಲ್ಪ ಹೊತ್ತು. ಉಳಿದ ದಾರಿಯೆಲ್ಲ ಪಂಚಾಯತಿನ ರಸ್ತೆ, ಲೋಕೋಪಯೋಗಿ ರಸ್ತೆ, ಹೆದ್ದಾರಿ.

ನಮ್ಮಲ್ಲಿ ಇದನ್ನು ಕೇಳಲು ಹೋದರೆ ಮೊದಲು ಬರುವ ಪ್ರಶ್ನೆ, ಎಲ್ಲಿ, ಯಾವಾಗ, ಎಷ್ಟು? ನಾನೂ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ಚೆನ್ನಾಗಿಯೇ ಮಾತಾಡಿದರು. "ನೀವು ಹೇಳುವುದು ಸುಳ್ಳು ಅಂತ ಅಲ್ಲ ಮಾರಾಯ್ರೆ, ಆದರೆ ಒಂದು ಬೋರ್ಡ್ ಹಾಕಬೇಕಾದರೂ ನನಗೆ ಒಂದು ಕಾಗದ ಬೇಕಲ್ಲ" ಎಂದರು. ಸಿಟ್ಟು ಬಂತು, ಮನೆಗೆ ಬಂದು ಯೋಚಿಸಿದಾಗ ಅವರು ಕೇಳಿದ್ದು ಸರಿ ಅನಿಸಿತು. ಕಾರಡ್ಕದಲ್ಲಿ ನಾನು ಹೆಕ್ಕಿದ ಚಿಟ್ಟೆಗಳ ಲೆಕ್ಕವನ್ನು ನಾನೇ ಬರೆದಿಟ್ಟಿರಲಿಲ್ಲ.

ಪ್ರತಿ ಪಂಚಾಯತಿನಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಇಟ್ಟುಕೊಳ್ಳಬೇಕು ಎಂದು 2002ರ ಕಾಯ್ದೆಯಿಂದಲೇ ವ್ಯವಸ್ಥೆ ಉಂಟು. ಆ ಪುಸ್ತಕದಲ್ಲಿ ಚಿಟ್ಟೆ ದಾಟುವ ಜಾಗ ಎಂದು ಒಂದು ಸಾಲು ಸೇರಿದರೆ ಮುಂದಿನ ಮಾತಿಗೆ ಅದೇ ಕಾಗದ. ಎಣಿಸುವ ಕೆಲಸಕ್ಕೆ ದೊಡ್ಡ ವಿದ್ಯೆ ಬೇಡ. 500 ಮೀಟರ್ ರಸ್ತೆ ಆರಿಸಿಕೊಳ್ಳಿ. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ತನಕ ವಾರಕ್ಕೆ ಎರಡು ದಿನ, ಇರುವೆ ಮುಟ್ಟುವ ಮೊದಲು ಅಂದರೆ ಬೆಳಿಗ್ಗೆ ಹನ್ನೊಂದರ ಒಳಗೆ, ಎರಡೂ ಬದಿ ನಡೆದು ನೋಡಿ. ರಸ್ತೆಯ ಮಧ್ಯೆ ಹೋಗಬೇಡಿ, ಬದಿಯಿಂದ ಕಂಡಷ್ಟೇ ಸಾಕು. ಜಾತಿ, ಸಂಖ್ಯೆ, ಬಿಸಿಲೋ ಮೋಡವೋ, ಬದಿಯಲ್ಲಿ ಯಾವ ಗಿಡ ಹೂ ಬಿಟ್ಟಿದೆ, ಇಷ್ಟು ಬರೆಯಿರಿ. ಏನೂ ಸಿಗದ ದಿನವೂ ಸೊನ್ನೆ ಎಂದು ಬರೆಯಿರಿ. ಹೆಚ್ಚಿನವರು ಬಿಟ್ಟುಬಿಡುವುದು ಅದನ್ನೇ, ಸೊನ್ನೆ ಇಲ್ಲದ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಜಾತಿ ಗೊತ್ತಾಗದಿದ್ದರೆ ಫೋಟೋ ತೆಗೆದು ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣದಲ್ಲಿ ಹೋಲಿಸಿ ನೋಡಬಹುದು.

ಬಸ್ಸಿನ ಡ್ರೈವರುಗಳನ್ನೂ ಕೇಳಿ. ದಿನಕ್ಕೆ ನಾಲ್ಕು ಸಲ ಅದೇ ದಾರಿಯಲ್ಲಿ ಹೋಗುವ ಅವರಷ್ಟು ನೋಡಿದವರು ಬೇರೆ ಯಾರಿದ್ದಾರೆ? ನಮ್ಮ ರೂಟಿನ ಒಬ್ಬರ ಹತ್ತಿರ ಈ ವಿಷಯ ತೆಗೆದಾಗ ಅವರು ತಡಮಾಡದೆ ಹೇಳಿದರು. "ಕಾಡು ಮುಗಿಯುವಲ್ಲಿ ತಿರುವು ಉಂಟಲ್ಲ ಅಕ್ಕ, ಅಲ್ಲೇ. ಒಂಬತ್ತೂವರೆಯ ಟ್ರಿಪ್ಪಿಗೆ ಗಾಜು ಒರೆಸಬೇಕಾಗುತ್ತದೆ, ಏಳೂವರೆಯದ್ದಕ್ಕೆ ಏನೂ ಇಲ್ಲ." ಈ ಅಕ್ಟೋಬರಿಗೆ ನಾನು ಎಣಿಸಲು ಶುರು ಮಾಡುವುದು ಆ ತಿರುವಿನಿಂದ.